ಕಡಿದ ನರಕ್ಕೊಂದು ಕೊಳವೆ

(ಕಲಬುರಗಿಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು.

ಶಹಾಬಾದ್ ಕಡೆ ಫರಸಿ ಕೊಯ್ಯುವ ಮಷಿನ್, ಹೊಲದಲ್ಲಿ ತೊಗರಿ ರಾಶಿ ಮಾಡುವ ಮಷಿನ್, ಇಲ್ಲದಿದ್ದರೆ ಕುಡಗೋಲು. ನಮ್ಮ ಭಾಗದಲ್ಲಿ ಕೈ ಕೊಯ್ದುಕೊಳ್ಳಲು ದಾರಿ ಬೇಕಾದಷ್ಟಿವೆ. ಹೊಲಿಗೆ ಬೀಳುತ್ತದೆ, ರಕ್ತ ನಿಲ್ಲುತ್ತದೆ. ಆದರೆ ಕಿರುಬೆರಳಿಗೆ ಬಿಸಿ ಚಹಾ ತಾಗಿದರೂ ಗೊತ್ತಾಗುವುದಿಲ್ಲ. ಒಳಗೆ ನರ ಕಡಿದಿರುತ್ತದೆ.

ಕೈಕಾಲಿನ ನರಗಳು ಮತ್ತೆ ಬೆಳೆಯುತ್ತವೆ. ಬೆನ್ನುಹುರಿಗೆ ಆ ಭಾಗ್ಯವಿಲ್ಲ. 1850ರಲ್ಲಿ ಇಂಗ್ಲೆಂಡಿನ ವೈದ್ಯ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ನೋಡಿದರು. ಕಡಿದಲ್ಲಿಂದ ಆಚೆಗಿನ ಎಳೆಗಳು ಚೂರುಚೂರಾದವು. ಹಾಗಾಗುವುದೇ ಒಳ್ಳೆಯದು. ನರದ ಎಳೆಗಳನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳು ಆ ಕಸ ತೆಗೆಯಲು ನೆರವಾಗಿ, ಆಮೇಲೆ ಸಾಲಾಗಿ ನಿಂತು ಹೊಸ ಎಳೆಗೆ ದಾರಿ ತೋರಿಸುತ್ತವೆ. ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಈ ಲೆಕ್ಕ ನೆನಪಿಟ್ಟುಕೊಳ್ಳಿ.

ತುದಿಗಳು ಹತ್ತಿರವಿದ್ದರೆ ಹೊಲಿಯಬಹುದು. ನಡುವಿನ ತುಂಡೇ ಹೋಗಿದ್ದರೆ? ಎಳೆದು ಹೊಲಿದರೆ ನರಕ್ಕೆ ರಕ್ತ ಸಾಲದೆ ಕೆಡುತ್ತದೆ. ಅದಕ್ಕೇ ಮೀನಖಂಡದ ಹಿಂದಿನಿಂದ ಒಂದು ನರ ತೆಗೆದು ಜೋಡಿಸುತ್ತಾರೆ. ಇಂದಿಗೂ ಇದೇ ಹೆಚ್ಚು ನಂಬಿಕೆಯ ದಾರಿ. ಆದರೆ ಪಾದದ ಹೊರಅಂಚು ಮರಗಟ್ಟುತ್ತದೆ.

ಇದನ್ನು ತಪ್ಪಿಸಲು ಬಂದದ್ದು ಕೊಳವೆ. ಎರಡೂ ತುದಿಗಳನ್ನು ಅದರೊಳಗೆ ಕೂರಿಸುತ್ತಾರೆ. ತುದಿಗಳಿಂದ ಒಸರುವ ದ್ರವ ಕೊಳವೆ ತುಂಬುತ್ತದೆ. ಅದರಲ್ಲಿನ ಫೈಬ್ರಿನ್, ಅಂದರೆ ಗಾಯದಲ್ಲಿ ರಕ್ತ ಗಟ್ಟಿಯಾಗಿಸುವ ಪ್ರೋಟೀನ್, ಹೆಪ್ಪುಗಟ್ಟಿ ಸಣ್ಣ ಸೇತುವೆಯಾಗುತ್ತದೆ. ಅದರ ಮೇಲೆ ಶ್ವಾನ್ ಕೋಶಗಳು ತೆವಳುತ್ತವೆ, ಅವುಗಳ ಹಿಂದೆ ನರದ ಎಳೆ. ಬಳ್ಳಿಗೆ ಹಂದರ ಹಾಕಿದ ಹಾಗೆ. ಮನುಷ್ಯ ಮಾಡಿದ್ದು ಬರೀ ಗೋಡೆ, ಕೆಲಸವೆಲ್ಲ ದೇಹದ್ದೇ ಅಲ್ವಾ!

ಸ್ವೀಡನ್ನಿನ ಕೈ ಶಸ್ತ್ರವೈದ್ಯ ಯೋರಾನ್ ಲುಂಡ್‌ಬೋರ್ಗ್ ಸಿಲಿಕೋನ್ ಕೊಳವೆ ಬಳಸಿದರು. ಎಳೆ ಬೆಳೆಯಿತು. ಆದರೆ ಸಿಲಿಕೋನ್ ಕರಗುವುದಿಲ್ಲ. ಕೆಲವರಿಗೆ ಅದು ಒತ್ತಿ, ಮತ್ತೆ ಆಪರೇಷನ್ ಮಾಡಿ ತೆಗೆಯಬೇಕಾಯಿತು. ಈಗಿನವು ತಾನಾಗಿ ಕರಗುತ್ತವೆ. ದನದ ಕೊಲಾಜನ್ ಎಂಬ ಪ್ರೋಟೀನ್‌ನಿಂದ ಮಾಡಿದ ಕೊಳವೆಗೆ ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಏಡಿ, ಸಿಗಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್ ಎಂಬ ವಸ್ತುವಿನಿಂದಲೂ ಮಾಡುತ್ತಾರೆ. ಬೇಗ ಕರಗಿದರೆ ಎಳೆ ಆಚೆ ಮುಟ್ಟುವ ಮೊದಲೇ ಗೋಡೆ ಕುಸಿಯುತ್ತದೆ. ತಡವಾದರೆ ನರವನ್ನು ಒತ್ತುತ್ತದೆ. ನನ್ನ ಪ್ರಕಾರ ಇಡೀ ವಿದ್ಯೆ ಇರುವುದು ಈ ಲೆಕ್ಕದಲ್ಲೇ.

ಖಾಲಿ ಕೊಳವೆ ಸುಮಾರು 3 ಸೆಂ.ಮೀ. ಅಂತರದವರೆಗೆ ಮಾತ್ರ ನಂಬಬಹುದು. ಅದಕ್ಕಿಂತ ಉದ್ದವಾದರೆ ಫೈಬ್ರಿನ್ ಸೇತುವೆ ನಡುವೆ ತೆಳುವಾಗಿ ತುಂಡಾಗುತ್ತದೆ. ಒಳಗೆ ನೂಲೆಳೆ, ಜೆಲ್, ಶ್ವಾನ್ ಕೋಶ ತುಂಬುವ ಸಂಶೋಧನೆ ನಡೆದಿದೆ. ಆದರೂ ವೇಗ ಜಾಸ್ತಿಯಾಗದು. ಮೊಣಕೈಯಲ್ಲಿ ಕಡಿದ ನರ ಅಂಗೈಗೆ ಬರಲು 30 ಸೆಂ.ಮೀ. ಎಂದರೆ ಹತ್ತು ತಿಂಗಳು. ನರವಿಲ್ಲದೆ ಸ್ನಾಯು ಕಾಯುವುದು ಹೆಚ್ಚೆಂದರೆ ಒಂದು, ಒಂದೂವರೆ ವರ್ಷ. ಬೆರಳು ಮರಗಟ್ಟಿದ್ದನ್ನು ಸುಮ್ನೆ ಆರು ತಿಂಗಳು ಬಿಟ್ಟು ಬಂದರೆ ಯಾವ ಕೊಳವೆಯೂ ಆ ಸಮಯ ವಾಪಸ್ ಕೊಡದು.

ಒಂದು ಚೀಟಿ ಬಂದಿದೆ. ಸಕ್ಕರೆ ಕಾಯಿಲೆಯಿಂದ ಪಾದ ಜುಮ್ಮೆನ್ನುವವರಿಗೆ ಇದು ಆಗುತ್ತದೆಯೇ ಅಂತ. ಇಲ್ಲ. ಅಲ್ಲಿ ನರ ಒಂದು ಕಡೆ ಕಡಿದಿಲ್ಲ, ಉದ್ದಕ್ಕೂ ಸೊರಗಿರುತ್ತದೆ. ಜೋಡಿಸಲು ತುದಿಗಳೇ ಇಲ್ಲ. ಅವರು ಸಕ್ಕರೆ ಹತೋಟಿಯಲ್ಲಿಡಬೇಕು, ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳಬೇಕು.