ಮಲೆನಾಡಿನ ಹಿತ್ತಲಲ್ಲಿ ಸಿಹಿಗುಂಬಳ ಮಾಗಬೇಕಾದರೆ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಮೂಡಿಗೆರೆ ಸೀಮೆಯ ನಮ್ಮ ಹಿತ್ತಲಿನಲ್ಲಿ ಒಂದೇ ಬಳ್ಳಿಗೆ 11 ಸಿಹಿಗುಂಬಳಗಳು ಬಿಟ್ಟಿದ್ದವು. ನಾನು ಹಿಗ್ಗಿಹೋಗಿ, ಡಿಸೆಂಬರ್ ಮೊದಲ ವಾರದಲ್ಲಿ ಎಲ್ಲವನ್ನೂ ಕೊಯ್ದು ಅಟ್ಟಕ್ಕೇರಿಸಿದೆ. ಸಂಕ್ರಾಂತಿಯ ಹೊತ್ತಿಗೆ ಅಟ್ಟದ ಹಲಗೆಯ ಸಂದಿನಿಂದ ಅಡುಗೆಮನೆಯ ನೆಲಕ್ಕೆ ನೀರು ತೊಟ್ಟಿಕ್ಕತೊಡಗಿತು. ಹತ್ತಿ ನೋಡಿದರೆ ಎಂಟು ಕಾಯಿಗಳು ಕೊಳೆತಿದ್ದವು. ಉಳಿದ ಮೂರನ್ನು ಹೆಚ್ಚಿದಾಗ ತಿರುಳು ಬಿಳಿಚಿಕೊಂಡಿತ್ತು, ಬೀಜಗಳೆಲ್ಲ ಜೊಳ್ಳಾಗಿದ್ದವು. ಮಳೆಗಾಗಲಿ ಗೊಬ್ಬರಕ್ಕಾಗಲಿ ಕೊರತೆಯಿರಲಿಲ್ಲ. ಕಾಯಿ ಬಲಿಯುವುದಕ್ಕೆ ಬೇಕಾದಷ್ಟು ಬೆಚ್ಚಗಿನ ದಿನಗಳನ್ನು ನಾನು ಬಳ್ಳಿಗೆ ಉಳಿಸಿರಲಿಲ್ಲ.

ಚೀನಿಕಾಯಿಯೆಂಬ ಹೆಸರಿದ್ದರೂ ಸಿಹಿಗುಂಬಳದ ತವರು ಚೀನಾ ಅಲ್ಲ, ಅಮೆರಿಕ ಖಂಡ. ಬಿಸಿಲನ್ನು ಬಯಸುವ ಈ ಬಳ್ಳಿಯ ಬೀಜವು ಮಣ್ಣಿನ ಉಷ್ಣಾಂಶ 16 ಡಿಗ್ರಿಗಿಂತ ಕೆಳಗಿದ್ದರೆ ಮೊಳೆಯುವುದೇ ಕಷ್ಟ. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿರುವ ಚಿಕ್ಕಮಗಳೂರಿನಂಥ ಊರಿನಲ್ಲಿ, ಅದರಲ್ಲೂ ಬೆಟ್ಟದ ನೆರಳು ಬೀಳುವ ಹಿತ್ತಲಿನಲ್ಲಿ, ಮಾರ್ಗಶಿರದ ಇಬ್ಬನಿ ಬಿದ್ದಮೇಲೆ ಬಳ್ಳಿ ಸತ್ತಂತೆ ಕಾಣದಿದ್ದರೂ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಬಿತ್ತನೆಯ ದಿನವನ್ನು ಕೊಯ್ಲಿನ ಕಡೆಯಿಂದ ಹಿಂದಕ್ಕೆ ಎಣಿಸಬೇಕು.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿಗೆ ಸುಮಾರು 125 ದಿನ ಬೇಕು. ಕಾಯಿ ಎರಡು ಮೂರು ಕಿಲೋ ತೂಗುತ್ತದೆ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿಯ ಕಾಯಿ ಒಂದು ಕಿಲೋ ಆಸುಪಾಸಿನದು, ನೂರು ದಿನಗಳಲ್ಲಿ ಮುಗಿಯುತ್ತದೆ, ಹಣ್ಣುನೊಣದ ಕಾಟವನ್ನೂ ತಡೆದುಕೊಳ್ಳುತ್ತದೆ. ತಂಪು ಹಿತ್ತಲಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಮಖೆ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯ ಭಾಗದಲ್ಲಿ, ಕಾಫಿ ಸಸಿಯ ಪ್ಲಾಸ್ಟಿಕ್ ಚೀಲದಲ್ಲಿ ಬೀಜ ಹಾಕಿ ಸೂರಿನಡಿ ಇಟ್ಟು, ಎರಡು ಎಲೆ ಬಲಿತಮೇಲೆ ಕೊಟ್ಟಿಗೆ ಗೊಬ್ಬರ ಬೆರೆಸಿದ ಎತ್ತರದ ಗುಡ್ಡೆಗೆ ನೆಟ್ಟರೆ, ಚಿತ್ತೆ ಮಳೆ ಹಿಂದೆಗೆಯುವಾಗ ಹೂವಾಗುತ್ತದೆ.

ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ಜಿನುಗುವ ಮಳೆಯಲ್ಲಿ ಜೇನುಹುಳು ಹೊರಬೀಳದಿದ್ದರೆ, ಗಂಡುಹೂವೊಂದನ್ನು ಕಿತ್ತು ದಳಗಳನ್ನು ತೆಗೆದು, ಬುಡದಲ್ಲಿ ಪುಟ್ಟ ಹೀಚನ್ನು ಹೊತ್ತಿರುವ ಹೆಣ್ಣುಹೂವಿನ ನಡುವಿಗೆ ಪರಾಗವನ್ನು ಸವರಬೇಕು. ಬಳ್ಳಿಗೆ ಮೂರು ನಾಲ್ಕು ಕಾಯಿ ನಿಂತಮೇಲೆ ಕುಡಿ ಚಿವುಟಿರಿ. ದೀಪಾವಳಿಯ ನಂತರ ಕಚ್ಚಿದ ಹೀಚುಗಳನ್ನು, ಮನಸ್ಸಿಗೆ ಎಷ್ಟೇ ಕಷ್ಟವಾದರೂ, ಕಿತ್ತು ಪಲ್ಯಕ್ಕೆ ಹಾಕಿರಿ. ನನ್ನ 11 ಕಾಯಿಗಳಲ್ಲಿ ಹೆಚ್ಚಿನವು ಅಂಥವೇ ಆಗಿದ್ದವು. ನೆಲದ ಮೇಲಿರುವ ಕಾಯಿಗೆ ಅಡಿಯಲ್ಲೊಂದು ಹಳೆಯ ಹೆಂಚನ್ನಿಟ್ಟರೆ ತೇವವೂ ತಾಗುವುದಿಲ್ಲ, ಹಗಲಿನ ಕಾವೂ ಸ್ವಲ್ಪ ಹೊತ್ತು ಉಳಿಯುತ್ತದೆ.

ಬಲಿತದ್ದನ್ನು ಗುರುತಿಸುವುದು ಹೇಗೆ? ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಹುಟ್ಟಿದ್ದು ಮೈತುಂಬ ಬೂದಿ ಬಳಿದುಕೊಳ್ಳುವ ಬೂದುಗುಂಬಳದಿಂದಲೇ ಇರಬೇಕು. ಸಿಹಿಗುಂಬಳದಲ್ಲಿ ಆ ಗುರುತನ್ನು ನೆಚ್ಚುವಂತಿಲ್ಲ, ತೊಟ್ಟನ್ನು ನೋಡಬೇಕು. ಎಳೆಯ ಕಾಯಿಯ ತೊಟ್ಟು ಹಸಿರಾಗಿ ರಸಭರಿತವಾಗಿರುತ್ತದೆ. ಬಲಿತಂತೆ ಅದು ಬಿರುಕುಬಿಟ್ಟು, ಬೂದು ಬಣ್ಣಕ್ಕೆ ತಿರುಗಿ, ಬೆಂಡಿನಂತೆ ಒಣಗುತ್ತದೆ. ಸಿಪ್ಪೆಯ ಹೊಳಪು ಮಾಸುತ್ತದೆ, ನೆಲಕ್ಕೆ ತಾಗಿದ ಮಗ್ಗುಲು ಬಿಳಿಯಿಂದ ಹಳದಿಯಾಗುತ್ತದೆ. ಹೆಬ್ಬೆರಳಿನ ಉಗುರನ್ನು ಒತ್ತಿದಾಗ ಸಿಪ್ಪೆ ಸೀಳಿ ನೀರು ಜಿನುಗಿದರೆ ಇನ್ನೂ ಕಾಯಬೇಕು. ಉಗುರೇ ಜಾರಿದರೆ ಕತ್ತಿಯಿಂದ ಎರಡು ಮೂರು ಅಂಗುಲ ತೊಟ್ಟು ಉಳಿಸಿ ಕೊಯ್ಯಬಹುದು. ತೊಟ್ಟನ್ನು ಹಿಡಿದು ಎತ್ತಬಾರದು. ಅದು ಮುರಿದ ಜಾಗದಿಂದಲೇ ಕೊಳೆ ಒಳಹೊಗುತ್ತದೆ.

ಕೊಯ್ದ ಕೂಡಲೇ ಅಟ್ಟಕ್ಕೇರಿಸಿದ್ದು ನನ್ನ ಎರಡನೆಯ ತಪ್ಪು. ಸಿಪ್ಪೆ ಗಟ್ಟಿಯಾಗಿ ಗೀರುಗಾಯಗಳು ಮಾಯಲು ಸುಮಾರು ಹತ್ತು ದಿನ 27 ಡಿಗ್ರಿಯಷ್ಟಾದರೂ ಶಾಖ, ಗಾಳಿ ಬೇಕು. ನಮ್ಮ ಸೀಮೆಯಲ್ಲಿ ಅದೇ ಸಮಯಕ್ಕೆ ಕಾಫಿ ಕೊಯ್ಲಾಗಿ ಕಣ ಸಿದ್ಧವಾಗಿರುತ್ತದೆ. ಹಣ್ಣು ಹರವಿದ ಕಣದ ಅಂಚಿನಲ್ಲಿ ಹಗಲೆಲ್ಲ ಕುಂಬಳಗಳನ್ನು ಸಾಲಾಗಿಟ್ಟು, ಮಂಜು ಬೀಳುವ ಮೊದಲೇ ಒಳಗೆ ತಂದು ಗೋಣಿಚೀಲದ ಮೇಲಿಡುತ್ತೇನೆ. ಆಮೇಲೆ ಒಂದಕ್ಕೊಂದು ತಾಗದಂತೆ ಅಟ್ಟದ ಹಲಗೆಯ ಮೇಲೆ ಹುಲ್ಲು ಹಾಸಿ ಇಟ್ಟರೆ ಸಾಕು. ಇಡೀ ಕಾಯನ್ನು ಫ್ರಿಡ್ಜಿನಲ್ಲಿಡುವುದು ಬೇಡ. 10 ಡಿಗ್ರಿಗಿಂತ ಕಡಿಮೆಯ ಚಳಿಯಲ್ಲಿ ಅದು ಒಳಗಿಂದಲೇ ಕೆಡುತ್ತದೆ. ಹೀಗೆ ಇಟ್ಟ ಕಾಯಿಯಲ್ಲಿ ಪಿಷ್ಟವು ನಿಧಾನವಾಗಿ ಸಕ್ಕರೆಯಾಗುವುದರಿಂದ, ಕೊಯ್ದ ದಿನ ಸಪ್ಪೆಯೆನಿಸಿದ್ದು ತಿಂಗಳ ನಂತರ ಕಡುಬಿಗೆ ಬೆಲ್ಲವನ್ನೇ ಕಡಿಮೆ ಬೇಡುತ್ತದೆ. ತೊಟ್ಟು ಮುರಿದದ್ದು, ಗಾಯವಾದದ್ದು ಯಾವುದಾದರೂ ಇದ್ದರೆ ಅದನ್ನು ಮೊದಲ ವಾರವೇ ಹುಳಿಗೆ ಹೆಚ್ಚಿಬಿಡಿ.