ಎಷ್ಟನೇ ವಯಸ್ಸಿಗೆ ಗರಡಿ, ಎಷ್ಟನೇ ವಯಸ್ಸಿಗೆ ಜಿಮ್?

(ಜಮಖಂಡಿಯಲ್ಲಿ ಪಾಲಕರು ಮತ್ತು ದೈಹಿಕ ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು.

ನಿಮ್ಮಲ್ಲಿ ಬಹಳ ಮಂದಿ ಒಂದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದೀರಿ. "ಹುಡುಗ ಎಂಟನೇ ಇಯತ್ತೆ ಅದಾನ್ರಿ, ಜಿಮ್ಮಿಗೆ ಹೊಕ್ಕೀನಿ ಅಂತ ಗಂಟು ಬಿದ್ದಾನ. ಕಳಸೂದೋ ಬ್ಯಾಡೋ?" ದವಾಖಾನೆಯಲ್ಲಿ ಜ್ವರಕ್ಕೆ ಔಷಧ ಬರೆಸಿಕೊಂಡು ಎದ್ದು ಹೋಗುವಾಗ, ಬಾಗಿಲ ಹತ್ತಿರ ನಿಂತು ಕೇಳುವ ಪ್ರಶ್ನೆ ಇದು. ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾಕೆ ಅಂತ ನೋಡೋಣ. ಮಕ್ಕಳು ಏಳೆಂಟು ವರ್ಷಕ್ಕೇ ಶಕ್ತಿಯ ವ್ಯಾಯಾಮ ಶುರು ಮಾಡಬಹುದು. ಜಿಮ್ಮಲ್ಲೇ ಆಗಬೇಕೆಂದಿಲ್ಲ. ಆದರೆ ಒಬ್ಬರು ಬಲ್ಲವರು ಎದುರಿಗೆ ನಿಂತಿರಲೇಬೇಕು.

ಇದು ನನ್ನ ಸ್ವಂತ ಅಭಿಪ್ರಾಯವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಇದರ ಬಗ್ಗೆ ವಿವರವಾದ ವರದಿ ಕೊಟ್ಟಿದೆ. ಏಳೆಂಟರ ಹೊತ್ತಿಗೆ ಮಗುವಿನ ಸಮತೋಲನ, ಮೈ ನೆಟ್ಟಗೆ ಹಿಡಿದುಕೊಳ್ಳುವ ಹತೋಟಿ ಒಂದು ಹದಕ್ಕೆ ಬಂದಿರುತ್ತದೆ. ಹೇಳಿದ್ದನ್ನು ಕೇಳಿ, ಹಾಗೇ ಮಾಡಿ, ನಿಲ್ಲು ಅಂದಾಗ ನಿಲ್ಲುವ ಬುದ್ಧಿಯೂ ಬಂದಿರುತ್ತದೆ. ಈ ಎರಡನೆಯದೇ ನಿಜವಾದ ಪರೀಕ್ಷೆ. ಹನ್ನೆರಡು ವರ್ಷವಾದರೂ ನಿಲ್ಲು ಅಂದರೆ ನಿಲ್ಲದವನಿಗೆ ಡಂಬೆಲ್ ಕೊಡಬೇಡಿ. ಅದೇ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ಹೇಳಿದ್ದೂ ಕೇಳಿ: ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು, ವಾರಕ್ಕೆ ಕನಿಷ್ಠ 3 ದಿನವಾದರೂ ಸ್ನಾಯು ಮತ್ತು ಎಲುಬು ಗಟ್ಟಿಯಾಗುವ ಕೆಲಸ ಅದರಲ್ಲಿರಬೇಕು. ಐದು ವರ್ಷದ ಮಗುವಿಗೆ ಅದು ಗಿಡ ಹತ್ತುವುದು, ಜಿಗಿಯುವುದು, ಹಗ್ಗ ಜಗ್ಗುವುದು. ಅಷ್ಟೇ ಸಾಕು.

ಇಷ್ಟು ಹೇಳಿದ ಕೂಡಲೇ ಹಿಂದಿನ ಸಾಲಿನಿಂದ ಒಂದು ಮಾತು ಬರುತ್ತದೆ: "ಭಾರ ಎತ್ತಿದ್ರ ಎತ್ತರ ಬೆಳೆಯೂದು ನಿಂದರತೈತ್ರಿ."

ನಮ್ಮ ಹಳ್ಳಿಗಳಲ್ಲಿ ನೀರು ತರುವ ಹುಡುಗಿಯನ್ನು ನೋಡಿ. ತುಂಬಿದ ಕೊಡ ಅಂದರೆ ಹತ್ತರಿಂದ ಹದಿನೈದು ಕೆಜಿ. ತಲೆಯ ಮೇಲೊಂದು, ಸೊಂಟದ ಮೇಲೊಂದು. ಹೊರುವವಳ ತೂಕ ಮೂವತ್ತೋ ಮೂವತ್ತೈದೋ ಇರಬಹುದು. ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ಭಾರ ಹೊತ್ತು ಆಕೆ ಹೊಲದ ದಾರಿ ಹಿಡಿದು ಬರುತ್ತಿದ್ದರೆ ಇವಳ ಎತ್ತರ ನಿಲ್ಲುತ್ತದೆ ಅಂತ ಓಣಿಯಲ್ಲಿ ಒಬ್ಬರೂ ಅನ್ನುವುದಿಲ್ಲ. ಆಕೆಯೇ ನಾಳೆ ಶಾಲೆಯಲ್ಲಿ ಎರಡು ಕೆಜಿ ಡಂಬೆಲ್ ಹಿಡಿದರೆ ಅವ್ವ, ಆಯಿ, ಕಾಕಾ ಎಲ್ಲರೂ ಓಡಿ ಬರುತ್ತಾರೆ. ಹಾಗಂತ ಕೊಡ ಹೊರಿಸುವುದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಮೈ ತಯಾರಾಗುವ ಮೊದಲೇ ಪೂರ್ತಿ ಭಾರ, ಅದೂ ಒಂದೇ ಮಗ್ಗುಲಿಗೆ, ದಿನಾ, ಬಿಡುವಿಲ್ಲದೆ. ಕುತ್ತಿಗೆ, ಸೊಂಟ ನೋಯುವುದು ಹೀಗೇ. ವ್ಯಾಯಾಮದಲ್ಲಿ ನಡೆಯುವುದು ಇದಕ್ಕೆ ಪೂರ್ತಿ ತಿರುಗಾಮುರುಗಾ: ಕಡಿಮೆ ಭಾರ, ಎರಡೂ ಕಡೆ ಸಮ, ಮಧ್ಯೆ ವಿಶ್ರಾಂತಿ. ನಾವು ಹೆದರಬೇಕಾದ್ದಕ್ಕೆ ಹೆದರದೆ, ಹೆದರಬಾರದ್ದಕ್ಕೆ ಹೆದರುತ್ತಿದ್ದೇವೆ.

ಈ ಹೆದರಿಕೆ ಎಲ್ಲಿಂದ ಬಂತು ಅಂದರೆ, ಅದಕ್ಕೂ ಒಂದು ಮೂಲ ಇದೆ. ಬೆಳೆಯುವ ಮಕ್ಕಳ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ಗ್ರೋತ್ ಪ್ಲೇಟ್ ಅನ್ನುತ್ತೇವೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಹುಡುಗಿಯರಲ್ಲಿ ಸುಮಾರು 14ರಿಂದ 16ಕ್ಕೆ, ಹುಡುಗರಲ್ಲಿ 16ರಿಂದ 18ಕ್ಕೆ ಅದು ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಎಲುಬಿನ ಉಳಿದ ಭಾಗಕ್ಕಿಂತ ಆ ಜಾಗ ಮೆತ್ತಗೇ. 1970-80ರ ದಶಕದಲ್ಲಿ ಹೊರದೇಶಗಳ ವೈದ್ಯರು ಆ ಪದರಕ್ಕೆ ಪೆಟ್ಟಾದ ಕೆಲವು ಹುಡುಗರ ಪ್ರಕರಣಗಳನ್ನು ಬರೆದರು. ಬಹುತೇಕ ಎಲ್ಲವೂ ಒಂದೇ ಬಗೆ: ನೋಡುವವರಿಲ್ಲದ ಜಾಗದಲ್ಲಿ, ತಾಳಲಾರದ ಭಾರವನ್ನು ತಲೆಯ ಮೇಲೆತ್ತಲು ಹೋಗಿ ಆದದ್ದು. ಅಲ್ಲಿಂದ ಭಾರ ಎತ್ತುವುದೇ ಅಪಾಯ ಅನ್ನುವ ಮಾತು ಹಬ್ಬಿತು. ಆಮೇಲೆ, ತಿಳಿದವರ ಕಣ್ಣೆದುರು ಸರಿಯಾಗಿ ವ್ಯಾಯಾಮ ಮಾಡಿದ ಮಕ್ಕಳನ್ನು ಅಳೆದು ನೋಡಿದ ಅಧ್ಯಯನಗಳಲ್ಲಿ ಎತ್ತರಕ್ಕೆ ಧಕ್ಕೆ ಕಾಣಲಿಲ್ಲ. ಆ ಸುದ್ದಿ ಮಾತ್ರ ಹಬ್ಬಲಿಲ್ಲ.

"ಅಲ್ಲ್ರೀ, ವೇಟ್‌ಲಿಫ್ಟಿಂಗ್ ಮಾಡೋರೆಲ್ಲ ಗಿಡ್ಡ ಇರ್ತಾರಲ್ಲ?" ಅನ್ನುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆಜಿ ವಿಭಾಗದ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಐದಡಿ ಆಸುಪಾಸು ಇದ್ದಾರೆ, ಖರೆ. ಗಿಡ್ಡ ಕೈಕಾಲಿನವರು ಬಾರನ್ನು ತಲೆಯ ಮೇಲೆ ಒಯ್ಯಬೇಕಾದ ದೂರ ಕಡಿಮೆ, ಅದಕ್ಕೇ ಅಂಥವರು ಆ ಆಟದಲ್ಲಿ ಮುಂದೆ ಬರುತ್ತಾರೆ. ಬಾಸ್ಕೆಟ್‌ಬಾಲ್ ಆಡಿಸಿದರೆ ಮಗ ಎತ್ತರ ಆಗುತ್ತಾನೆ ಅಂತ ನಂಬುವವರೂ ಇದೇ ತಪ್ಪನ್ನು ತಲೆಕೆಳಗಾಗಿ ಮಾಡುತ್ತಾರೆ.

ಈಗ ಒಂದು ಸೋಜಿಗದ ಸಂಗತಿ. ಹತ್ತು ವರ್ಷದ ಹುಡುಗ ಎರಡು-ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದರೆ ಅವನ ಶಕ್ತಿ ಸಾಮಾನ್ಯವಾಗಿ ಶೇ. 30ರಿಂದ 50ರಷ್ಟು ಏರುತ್ತದೆ. ಆದರೆ ತೋಳು ಮೊದಲಿನಷ್ಟೇ ಇರುತ್ತದೆ, ಟೇಪು ಹಿಡಿದು ಅಳೆದರೂ ವ್ಯತ್ಯಾಸ ಸಿಗುವುದಿಲ್ಲ. ಸ್ನಾಯು ದಪ್ಪವಾಗಲು ಬೇಕಾದ ಹಾರ್ಮೋನು ಅವನಲ್ಲಿ ಇನ್ನೂ ಅಷ್ಟು ಇಲ್ಲ. ಹಾಗಾದರೆ ಶಕ್ತಿ ಬಂದದ್ದು ಎಲ್ಲಿಂದ? ನರಗಳಿಂದ. ತೇರಿನ ಹಗ್ಗವನ್ನು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿದರೆ ಗಾಲಿ ಅಲುಗುವುದಿಲ್ಲ, ಎಲ್ಲರೂ ಒಮ್ಮೆಲೇ ಜಗ್ಗಿದರೆ ಅಷ್ಟೇ ಮಂದಿಗೆ ತೇರು ಸಾಗುತ್ತದೆ. ಸ್ನಾಯುವಿನ ಎಳೆಗಳಿಗೆ ನರಗಳು ಕಲಿಸುವುದು ಇದನ್ನೇ. ಹಾಗಾಗಿ ಮೂರು ತಿಂಗಳಾದರೂ ಮಗನ ತೋಳು ಉಬ್ಬಲಿಲ್ಲ ಅಂತ ಜಿಮ್ಮಿನವರ ಹತ್ತಿರ ಜಗಳ ತೆಗೆಯಬೇಡಿ. ಬಿಟ್ಟರೆ ಹೋಗುವುದೂ ಬೇಗ. ಪರೀಕ್ಷೆ ಅಂತ ಎರಡು ತಿಂಗಳು ಪೂರ್ತಿ ನಿಲ್ಲಿಸಿದರೆ ಗಳಿಸಿದ್ದರಲ್ಲಿ ಬಹುಪಾಲು ಹೋಗುತ್ತದೆ. ಎಸ್ಸೆಸ್ಸೆಲ್ಸಿ ಅಂದ ಕೂಡಲೇ ಆಟದ ಶೂ ಅಟ್ಟಕ್ಕೆ ಏರಿಸುವ ಮನೆಗಳಿಗೆ ಈ ಮಾತು.

ಶುರು ಹೇಗೆ? ನಮ್ಮ ಕಡೆಯ ಗರಡಿಮನೆಗಳ ಹಳೆಯ ವಸ್ತಾದರನ್ನು ನೆನೆಸಿಕೊಳ್ಳಿ. ಹೊಸದಾಗಿ ಬಂದ ಹುಡುಗನ ಕೈಗೆ ಮೊದಲ ದಿನವೇ ಗದೆ ಕೊಟ್ಟವರಿಲ್ಲ. ಮಟ್ಟಿ ಹದ ಮಾಡಿಸುತ್ತಿದ್ದರು, ಬಸ್ಕಿ, ದಂಡ ಹೊಡೆಸುತ್ತಿದ್ದರು. ಮೈ ಬಾಗುವುದು ಸರಿಯಾದ ಮೇಲೆ ಹಗುರ ಕರ್ಲಾ, ಅದಾದ ಮೇಲೆ ಭಾರದ್ದು. ಇವತ್ತಿನ ಕ್ರೀಡಾ ವಿಜ್ಞಾನ ಹೇಳುವ ಕ್ರಮವೂ ಬೇರೆಯದೇನಲ್ಲ. ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳುವುದು. ತನ್ನ ಮೈಭಾರದಲ್ಲೇ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಆಮೇಲೆ ನೆಲದ ಮೇಲೆ. ಚಲನೆ ಶುದ್ಧವಾದ ಮೇಲೆ ಹಗುರ ಭಾರ, ಎಂಟರಿಂದ ಹನ್ನೆರಡು ಸಲ, ಒಂದೋ ಎರಡೋ ಸುತ್ತು. ಕೊನೆಯ ಸಲ ಎತ್ತುವಾಗಲೂ ಬೆನ್ನು ನೆಟ್ಟಗಿದ್ದರೆ ಮಾತ್ರ ಮುಂದಕ್ಕೆ ಶೇ. 5ರಿಂದ 10ರಷ್ಟು ಭಾರ ಏರಿಸಬೇಕು. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಟ್ಟು. ಜಿಮ್ಮಿಲ್ಲದ ಊರಾದರೆ ಮರಳು ತುಂಬಿದ ನೀರಿನ ಬಾಟಲಿ ಸಾಕು.

ದೈಹಿಕ ಶಿಕ್ಷಕರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು, ಕೋಪ ಮಾಡಿಕೊಳ್ಳಬೇಡಿ. ಬಸ್ಕಿ ಒಳ್ಳೆಯ ವ್ಯಾಯಾಮ. ಅದನ್ನೇ ಶಿಕ್ಷೆಯಾಗಿ ಒಮ್ಮೆಲೇ ನೂರು, ಇನ್ನೂರು ಹೊಡೆಸಿದರೆ ರೂಢಿಯಿಲ್ಲದ ಹುಡುಗನ ತೊಡೆಯ ಸ್ನಾಯು ಒಡೆದು, ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗಿ ಕೂರಬಹುದು. ರಾಬ್ಡೊಮಯೊಲಿಸಿಸ್ ಅಂತ ಇದರ ಹೆಸರು. ಮರುದಿನವೋ ಮೂರನೆಯ ದಿನವೋ ತೊಡೆ ಬಾತು, ಮೂತ್ರ ಕರಿ ಚಹಾದ ಬಣ್ಣಕ್ಕೆ ಬಂದರೆ ಎಣ್ಣೆ ತಿಕ್ಕುತ್ತ ಕೂರದೆ ಅದೇ ಗಳಿಗೆಗೆ ದೊಡ್ಡ ದವಾಖಾನೆಗೆ ಒಯ್ಯಿರಿ. ತಡವಾದರೆ ಡಯಾಲಿಸಿಸ್‌ಗೆ ಹೋಗಬೇಕಾಗಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೇ ನಿಷೇಧಿಸಿದೆ ಅನ್ನುವುದು ನಿಮಗೆ ಗೊತ್ತಿರುವುದೇ. ಇನ್ನೊಂದು ನಷ್ಟವನ್ನು ಕಾಯ್ದೆ ಹೇಳುವುದಿಲ್ಲ: ಬಸ್ಕಿ ಅಂದರೆ ಶಿಕ್ಷೆ ಅಂತ ಕಲಿತ ಹುಡುಗ ಮುಂದೆ ತಾನಾಗಿ ಅದನ್ನು ಎಂದೂ ಹೊಡೆಯುವುದಿಲ್ಲ.

ಜಾತ್ರೆಯ ಮಾತಿಗೆ ಬರೋಣ. ಸಂಗ್ರಾಣಿ ಕಲ್ಲು, ಗುಂಡಕಲ್ಲು, ಜೋಳದ ಚೀಲ. ಎತ್ತುವವರನ್ನು ನೋಡಲು ನನಗೂ ಖುಷಿ, ಹಲಗೆಯ ಸಪ್ಪಳ ಕೇಳಿದರೆ ನಾನೂ ಗುಂಪಿನೊಳಗೆ ನುಗ್ಗುತ್ತೇನೆ. ತೊಂದರೆ ಎತ್ತುವವರದಲ್ಲ, ಅವರು ವರ್ಷಗಟ್ಟಲೆ ಸಾಮು ಮಾಡಿದವರು. ಸ್ಪರ್ಧೆ ಮುಗಿದು ಮಂದಿ ಚದುರಿದ ಮೇಲೆ ಹದಿಮೂರು-ಹದಿನಾಲ್ಕರ ಹುಡುಗರು ಪಂತ ಕಟ್ಟಿ ಅದೇ ಕಲ್ಲಿಗೆ ಕೈ ಹಾಕುತ್ತಾರಲ್ಲ, ಅದು. ಜಿಮ್ಮಿನಲ್ಲೂ ಇದರದೇ ಇನ್ನೊಂದು ರೂಪ: ಒಂದೇ ಒಂದು ಸಲ ಎಷ್ಟು ಎತ್ತುತ್ತೀ ನೋಡೋಣ ಅನ್ನುವ ಪಂತ, ಮೊಬೈಲಿನಲ್ಲಿ ಚಿತ್ರೀಕರಣ. ಮೈ ಪೂರ್ತಿ ಬಲಿಯುವವರೆಗೆ ಇಂಥ ಪಂತ ಬೇಡವೇ ಬೇಡ. ಅಂದಹಾಗೆ, ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳ ದಾಖಲೆ ಆಧರಿಸಿದ 2009ರ ಒಂದು ಅಧ್ಯಯನದಲ್ಲಿ, 8ರಿಂದ 13ರ ಮಕ್ಕಳಿಗೆ ಭಾರದ ಸಲಕರಣೆಯಿಂದ ಆದ ಗಾಯಗಳಲ್ಲಿ ಮೂರರಲ್ಲಿ ಎರಡು ಪಾಲು ಕೈಗೆ, ಪಾದಕ್ಕೆ ಆದವು. ಭಾರದ ಪ್ಲೇಟು ಕಾಲ ಮೇಲೆ ಬಿತ್ತು, ಬೆರಳು ಸಿಕ್ಕಿಕೊಂಡಿತು, ಇಂಥವೇ ಹೆಚ್ಚು. ಒಬ್ಬ ಹಿರಿಯ ಅಲ್ಲಿದ್ದಿದ್ದರೆ ತಪ್ಪುವಂಥವು.

ಒಂದು ವಯಸ್ಸಿನಲ್ಲಿ ಮಾತ್ರ ವಿಶೇಷ ನಿಗಾ ಬೇಕು. ಹುಡುಗಿಯರು ಸುಮಾರು ಹನ್ನೆರಡಕ್ಕೆ, ಹುಡುಗರು ಸುಮಾರು ಹದಿನಾಲ್ಕಕ್ಕೆ ಸರ್ರನೆ ಉದ್ದವಾಗುತ್ತಾರೆ. ದಸರೆಗೆ ಹೊಲಿಸಿದ ಪ್ಯಾಂಟು ಯುಗಾದಿಗೆ ಗಿಡ್ಡ. ಎಲುಬು ಮುಂದೆ ಓಡುತ್ತದೆ, ಸ್ನಾಯು ಹಿಂದೆ ಉಳಿದು ಬಿಗಿಯಾಗುತ್ತದೆ. ನಿನ್ನೆ ಸರಿಯಾಗಿ ಬಸ್ಕಿ ಹೊಡೆಯುತ್ತಿದ್ದವನು ಇವತ್ತು ತೂರಾಡುತ್ತಾನೆ. ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಬಾತು ನೋಯುತ್ತದೆ, ಇಲ್ಲವೇ ಹಿಮ್ಮಡಿ ನೋಯುತ್ತದೆ. ಇದಕ್ಕೆ ವ್ಯಾಯಾಮ ಪೂರ್ತಿ ನಿಲ್ಲಿಸಬೇಕಿಲ್ಲ. ಭಾರ ಇಳಿಸಿ, ಜಿಗಿತ ಕಡಿಮೆ ಮಾಡಿ, ಚಲನೆಯನ್ನು ಮತ್ತೆ ಮೊದಲಿನಿಂದ ತಿದ್ದಿ.

ಹುಡುಗಿಯರಿಗಂತೂ ಇದು ಹುಡುಗರಿಗಿಂತ ಹೆಚ್ಚು ಬೇಕು ಅಂತಲೇ ನನ್ನ ವಾದ. ಜೀವನಕ್ಕೆಲ್ಲ ಬೇಕಾದ ಎಲುಬಿನ ಗಟ್ಟಿತನದಲ್ಲಿ ಬಹುದೊಡ್ಡ ಪಾಲು ಇಪ್ಪತ್ತರೊಳಗೆ ಕೂಡಿಬಿಡುತ್ತದೆ. ಮುಪ್ಪಿನಲ್ಲಿ ಸೊಂಟ ಮುರಿದುಕೊಂಡು ಮಲಗುವ ಆಯಿಯ ಕಥೆ ಅರ್ಧ ಇಲ್ಲಿಯೇ ಬರೆಯಲ್ಪಟ್ಟಿರುತ್ತದೆ. ಖೊಖೊ, ಕಬಡ್ಡಿಯಲ್ಲಿ ಗಕ್ಕನೆ ತಿರುಗುವಾಗ ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಕಟ್ಟು ಹರಿಯುವ ಸಂಭವ ಹುಡುಗಿಯರಲ್ಲಿ ಹೆಚ್ಚು. ತೊಡೆ, ಪೃಷ್ಠದ ಸ್ನಾಯು ಗಟ್ಟಿ ಮಾಡಿ, ಜಿಗಿದು ಇಳಿಯುವುದನ್ನು ಕಲಿಸಿದರೆ ಅದು ಕಡಿಮೆಯಾಗುತ್ತದೆ. ನಾವೇನು ಮಾಡುತ್ತೇವೆ? ದೊಡ್ಡಾಕಿ ಆದಳು ಅಂತ ಅದೇ ವಯಸ್ಸಿಗೆ ಮೈದಾನ ಬಿಡಿಸುತ್ತೇವೆ. ಕೊಡ ಮಾತ್ರ ಬಿಡಿಸುವುದಿಲ್ಲ.

ಎತ್ತರವನ್ನು ನಿಜಕ್ಕೂ ನಿಲ್ಲಿಸುವ ವಸ್ತು ಒಂದಿದೆ, ಅದು ಕಬ್ಬಿಣವಲ್ಲ. ಅನಬಾಲಿಕ್ ಸ್ಟೆರಾಯ್ಡ್, ಅಂದರೆ ಸ್ನಾಯು ಉಬ್ಬಿಸಲು ತೆಗೆದುಕೊಳ್ಳುವ ಹಾರ್ಮೋನಿನಂಥ ಔಷಧ. ಬೆಳೆಯುವ ಹುಡುಗನಿಗೆ ಕೊಟ್ಟರೆ ಗ್ರೋತ್ ಪ್ಲೇಟ್ ಹೊತ್ತಿಗೆ ಮೊದಲೇ ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ಯಾರಾದರೂ "ಒಂದು ಇಂಜೆಕ್ಷನ್ ತಗೋ, ಬಾಡಿ ಬರ್ತೈತಿ" ಅಂದರೆ ಆ ಜಿಮ್ಮಿನ ಮೆಟ್ಟಿಲು ಮತ್ತೆ ಹತ್ತಬೇಡಿ. ಪ್ರೋಟೀನ್ ಡಬ್ಬಿ ಅಷ್ಟು ಕೆಟ್ಟದ್ದಲ್ಲ, ಆದರೆ ಮಕ್ಕಳಿಗೆ ಬೇಕಾಗಿಲ್ಲ. ನಲವತ್ತು ಕೆಜಿ ತೂಕದ ಹುಡುಗನಿಗೆ ದಿನಕ್ಕೆ ನಲವತ್ತು ಗ್ರಾಂ ಆಸುಪಾಸು ಪ್ರೋಟೀನ್ ಬೇಕು, ಆಟ ಜಾಸ್ತಿಯಿದ್ದರೆ ಇನ್ನು ಸ್ವಲ್ಪ. ಒಂದು ತತ್ತಿಯಲ್ಲಿ ಆರು ಗ್ರಾಂ. ಒಂದು ಲೋಟ ಹಾಲಿನಲ್ಲಿ ಆರೇಳು. ಒಂದು ಹಿಡಿ ಶೇಂಗಾದಲ್ಲಿ ಏಳೆಂಟು. ಜೋಳದ ರೊಟ್ಟಿ ಒಂದಕ್ಕೆ ಐದರ ಹತ್ತಿರ, ಮೇಲೆ ಮಡಕಿಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು. ಲೆಕ್ಕ ನೀವೇ ಹಾಕಿ. ಸಾವಿರಾರು ರೂಪಾಯಿ ಡಬ್ಬಿ ತಂದು ಮನೆಯ ಬುತ್ತಿಯನ್ನು ಹುಡುಗ ಹಾಗೇ ವಾಪಸ್ ತರುತ್ತಿದ್ದಾನೆ.

ಕುಸ್ತಿ ಹುಡುಗರ ಪಾಲಕರಿಗೆ ಇನ್ನೊಂದು. ಕಡಿಮೆ ತೂಕದ ವಿಭಾಗದಲ್ಲಿ ಇಳಿಸಬೇಕು ಅಂತ ತೂಕ ಹಾಕುವ ಹಿಂದಿನ ದಿನ ನೀರು ಬಿಡಿಸಿ, ದಪ್ಪ ಅಂಗಿ ತೊಡಿಸಿ ಓಡಿಸುವುದಿದೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರಿಳಿಸಲು ಹೋಗಿ ಸತ್ತರು, ಆಮೇಲೆ ಅಲ್ಲಿ ನಿಯಮಗಳೇ ಬದಲಾದವು. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಅದನ್ನು ಮಾಡುವುದು ಇನ್ನೂ ಅಪಾಯ.

ಮೊದಲು ವೈದ್ಯರಿಗೆ ತೋರಿಸಿಯೇ ಬರಬೇಕಾದ ಮಕ್ಕಳೂ ಇದ್ದಾರೆ. ಹೃದಯದ ತೊಂದರೆ ಇರುವವರು, ರಕ್ತದೊತ್ತಡ ಹತೋಟಿಗೆ ಬಾರದವರು, ಮೂರ್ಛೆರೋಗ ಇರುವವರು, ಕ್ಯಾನ್ಸರಿಗೆ ಔಷಧ ತೆಗೆದುಕೊಂಡವರು, ಓಡುವಾಗ ಎಂದಾದರೂ ತಲೆ ಸುತ್ತಿ ಬಿದ್ದವರು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಹೋದವರಿದ್ದರೆ ಅದನ್ನೂ ಹೇಳಿ. ದಪ್ಪ ಮಕ್ಕಳಿಗೆ ಇದು ಬೇಡ ಅಂತ ತಿಳಿಯಬೇಡಿ. ಓಟದಲ್ಲಿ ಯಾವಾಗಲೂ ಕೊನೆಗೆ ಬರುವ ಹುಡುಗ ಭಾರ ಎತ್ತುವುದರಲ್ಲಿ ಹಲವು ಸಲ ಮೊದಲು ಬರುತ್ತಾನೆ, ಅವನ ಮುಖ ನೀವು ನೋಡಬೇಕು.

ಸಾಕು ಮಾತು. ಮುಂದಿನ ಸಾಲಿನ ನಾಲ್ಕೈದು ಮಕ್ಕಳು ಚಪ್ಪಲಿ ಬಿಟ್ಟು ವೇದಿಕೆಗೆ ಬನ್ನಿ, ಹುಡುಗಿಯರೂ ಬರಲಿ. ಹತ್ತು ಬಸ್ಕಿ ಹೊಡೆಸೋಣ. ಪಾಲಕರು ಎಣಿಸುವುದು ಬೇಡ, ಅವರ ಹಿಮ್ಮಡಿ ನೆಲ ಬಿಡುತ್ತವೆಯೋ, ಮೊಣಕಾಲು ಒಳಕ್ಕೆ ವಾಲುತ್ತವೆಯೋ ಅಷ್ಟು ನೋಡಿ.