ಐವತ್ತರಲ್ಲಿ ಹುಟ್ಟು ಹಿಡಿದವರು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ಮಾತು ಮುಖ್ಯವಾಗಿ ನಲವತ್ತೈದು, ಐವತ್ತು ದಾಟಿದವರಿಗೆ. ಮಕ್ಕಳು ಓದಿಗೋ ಕೆಲಸಕ್ಕೋ ಊರು ಬಿಟ್ಟಿದ್ದಾರೆ. ಎಷ್ಟೋ ವರ್ಷಗಳ ಮೇಲೆ ಭಾನುವಾರದ ಬೆಳಗು ಕೈಗೆ ಸಿಗುತ್ತಿದೆ. ಏನಾದರೂ ಹೊಸದು ಕಲಿಯಬೇಕು ಅನ್ನಿಸುತ್ತದೆ, ಆದರೆ ಈ ವಯಸ್ಸಿನಲ್ಲಿ ಏನು ಅಂತ ಸುಮ್ನೆ ಆಗುತ್ತೀರಿ. ಅಂಥವರಿಗೆ ನಾನು ಹೇಳುವುದು ಇಷ್ಟೇ: ಕಯಾಕಿಂಗ್ ಕಲಿಯಿರಿ. ಇದು ಹುಡುಗರ ಆಟ, ತೋಳಿನಲ್ಲಿ ಬಲ ಇದ್ದವರ ಆಟ ಅಂತ ಜನ ತಿಳಿದಿದ್ದಾರೆ. ಕಾಯುವುದು, ನೋಡಿ ಹೆಜ್ಜೆ ಇಡುವುದು, ಬೇಡ ಅನ್ನಿಸಿದರೆ ವಾಪಸ್ ಬರುವುದು, ಇವೆಲ್ಲ ನಡುವಯಸ್ಸಿಗೆ ತಾನಾಗಿ ಬಂದಿರುತ್ತವೆ. ನೀರಿನ ಮೇಲೆ ಬೇಕಾಗುವುದೂ ಅವೇ.

ಕಯಾಕ್ ಅಂದರೆ ಒಬ್ಬರು, ಹೆಚ್ಚೆಂದರೆ ಇಬ್ಬರು ಕೂರುವ ಕಿರಿದಾದ ದೋಣಿ. ಕಾಲು ಮುಂದಕ್ಕೆ ಚಾಚಿ, ನೀರಿನ ಮಟ್ಟಕ್ಕೆ ಕೂರಬೇಕು. ನಮ್ಮ ದೋಣಿಯ ಹುಟ್ಟಿಗೆ ಒಂದು ತುದಿಯಲ್ಲಿ ಮಾತ್ರ ಹಲಗೆ ಇರುತ್ತದೆ ಅಲ್ವಾ, ಇದರ ಪ್ಯಾಡಲ್‌ಗೆ ಎರಡೂ ತುದಿಯಲ್ಲಿ ಇರುತ್ತದೆ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ನೀರಿಗಿಳಿಸುತ್ತ ಹೋಗುವುದು. ಇದನ್ನು ಮೊದಲು ಕಟ್ಟಿದವರು ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಮತ್ತು ಅಲ್ಯೂಟ್ ಜನ. ಅಲ್ಲಿ ಮರ ಬೆಳೆಯುವುದಿಲ್ಲ. ಸಮುದ್ರದಲ್ಲಿ ತೇಲಿ ಬಂದ ಮರದ ತುಂಡು, ತಿಮಿಂಗಿಲದ ಮೂಳೆ ಜೋಡಿಸಿ ಚೌಕಟ್ಟು ಮಾಡಿ, ಮೇಲೆ ಸೀಲ್ ಪ್ರಾಣಿಯ ಚರ್ಮ ಹೊಲಿಯುತ್ತಿದ್ದರು. ಓಡಿಸುವವನ ಮೈ ಅಳತೆಗೆ ಸರಿಯಾಗಿ ಅವನ ದೋಣಿ. ಬೇಟೆಗೆ ಹೋಗುವುದು ಅದರಲ್ಲೇ. ಆ ಹಿಮದ ನೀರಿಗೆ ಬಿದ್ದರೆ ಬದುಕುವುದು ಕಷ್ಟ. ಅದಕ್ಕೇ ಮಗುಚಿದ ದೋಣಿಯನ್ನು ಕೂತಲ್ಲಿಂದಲೇ ತಿರುಗಿಸಿ ಮೇಲೇಳುವ ವಿದ್ಯೆ ಅವರು ಕಂಡುಕೊಂಡರು. 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಇದು ಸ್ಪರ್ಧೆಯ ಆಟವೂ ಆಯಿತು. ಇವತ್ತು ನಮ್ಮ ಹೊಳೆಗಳಲ್ಲಿ ಕಾಣುವುದು ಗಟ್ಟಿ ಪ್ಲಾಸ್ಟಿಕ್ಕಿನ, ಮೇಲೆ ಕೂರುವ ಬಗೆಯ ಕಯಾಕ್. ಕಲಿಯುವವರಿಗೆ ಅದೇ ಒಳ್ಳೆಯದು. ಮಗುಚಿದರೆ ಒಳಗೆ ಸಿಕ್ಕಿಹಾಕಿಕೊಳ್ಳುವ ಭಯ ಇಲ್ಲ.

ನಾನು ಹೈಸ್ಕೂಲ್ ಟೀಚರ್. ಕಯಾಕ್ ಕಲಿತದ್ದು ಉಡುಪಿ ಜಿಲ್ಲೆಯ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ, ಸೀತಾ ನದಿಯ ಹಿನ್ನೀರಿನಲ್ಲಿ. ಆಗುಂಬೆ ಕಡೆಯ ಘಟ್ಟದಿಂದ ಇಳಿದು ಬರುವ ಹೊಳೆ ಅದು. ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸುವರ್ಣಾ ನದಿಯ ಜೊತೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಅಳಿವೆಗೆ ಮುಂಚೆ ಅಗಲವಾಗಿ ಹರಡಿಕೊಂಡು, ಕುದ್ರುಗಳ, ಅಂದರೆ ಹೊಳೆಯ ನಡುವಿನ ಸಣ್ಣ ದ್ವೀಪಗಳ, ನಡುವೆ ಕವಲೊಡೆದು, ಹೊಳೆಯೂ ಅಲ್ಲದ ಸಮುದ್ರವೂ ಅಲ್ಲದ ಜಾಗ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಇಂಥ ಜಾಗಕ್ಕೆ ಬರ ಇಲ್ಲ. ಕುಂದಾಪುರದ ಹತ್ತಿರ ಐದು ಹೊಳೆ ಸೇರುವ ಪಂಚಗಂಗಾವಳಿ ಇದೆ. ಮೂಲ್ಕಿಯಲ್ಲಿ ಶಾಂಭವಿ ಇದೆ, ಹೊನ್ನಾವರದಲ್ಲಿ ಶರಾವತಿ ಇದೆ. ಘಟ್ಟದ ಮೇಲಿನವರಿಗೆ ಲಿಂಗನಮಕ್ಕಿ ಹಿನ್ನೀರಿನ ದಡದ ಹೊನ್ನೆಮರಡು ಇದೆ. ದಾಂಡೇಲಿ ಕಡೆ ಕಾಳಿ ನದಿಯಲ್ಲೂ ಕಯಾಕ್ ಓಡಿಸುತ್ತಾರೆ. ಆದರೆ ಅಲ್ಲಿಯ ಬಂಡೆ ಮತ್ತು ರಭಸದ ಬಿಳಿನೀರು ಬೇರೆಯೇ ವಿದ್ಯೆ. ಕಲಿಯುವ ನೀರು ಅದಲ್ಲ.

ಈಗ ಬಲದ ಮಾತಿಗೆ ಬರುತ್ತೇನೆ. ಮೊದಲ ದಿನ ಎಲ್ಲರೂ ತೋಳಿನಿಂದ ಎಳೆಯುತ್ತಾರೆ. ಹತ್ತು ನಿಮಿಷಕ್ಕೆ ಭುಜ ಸೋತುಹೋಗುತ್ತದೆ. ನನಗೆ ಕಲಿಸಿದ ಹುಡುಗ ಮೀನುಗಾರರ ಮನೆಯವನು, ನನ್ನ ಶಿಷ್ಯರ ವಯಸ್ಸು. "ಟೀಚರೇ, ಕೈ ಮರ್ತುಬಿಡಿ, ಸೊಂಟ ತಿರುಗಿಸಿ" ಅಂತ ಒಂದೇ ಮಾತನ್ನು ಹೇಳುತ್ತಿದ್ದ. ವಿಷಯ ಹೀಗಿದೆ. ಪ್ಯಾಡಲ್ಲನ್ನು ಪಾದದ ಪಕ್ಕದಲ್ಲಿ ನೀರಿಗೆ ಇಳಿಸಬೇಕು. ಬಲಗಡೆ ಇಳಿಸಿದರೆ ಬಲಗಾಲಿನಿಂದ ಒತ್ತಬೇಕು. ಆಗ ಸೊಂಟದಿಂದ ಮೇಲಿನ ಮೈ ಪೂರ್ತಿ ಬಲಕ್ಕೆ ತಿರುಗುತ್ತದೆ, ಆ ತಿರುವೇ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಪ್ಯಾಡಲ್ ಸೊಂಟದ ಹತ್ತಿರ ಬಂದ ಕೂಡಲೇ ಮೇಲೆತ್ತಬೇಕು. ಅದಕ್ಕೂ ಹಿಂದೆ ಎಳೆದರೆ ಸುಮ್ಮನೆ ನೀರು ಎತ್ತಿ ಚೆಲ್ಲಿದ ಹಾಗೆ, ದೋಣಿಯ ಮೂತಿಯೂ ಅತ್ತಿತ್ತ ಆಗುತ್ತದೆ. ಹಿಡಿತ ಸಡಿಲ ಇರಬೇಕು. ಬೆರಳ ಗೆಣ್ಣು ಬಿಳಿಚಿಕೊಂಡಿದ್ದರೆ ಬಿಗಿಹಿಡಿದಿದ್ದೀರಿ ಅಂತ ಅರ್ಥ. ಎರಡು ಕೈ ಎಷ್ಟು ದೂರ ಇರಬೇಕು ಅಂತ ಗೊತ್ತಾಗಬೇಕಾದರೆ ಪ್ಯಾಡಲ್ಲನ್ನು ನೆತ್ತಿಯ ಮೇಲಿಟ್ಟು ನೋಡಿ. ಮೊಣಕೈ ಸರಿಯಾಗಿ ಮೂಲೆಯ ಹಾಗೆ ಮಡಚಿರಬೇಕು.

ನಮ್ಮ ವಯಸ್ಸಿನವರು ಭುಜವನ್ನು ಕಾಪಾಡಿಕೊಳ್ಳಬೇಕು. ಕೈ ಯಾವತ್ತೂ ಕಣ್ಣಿಗೆ ಕಾಣುವ ಜಾಗದಲ್ಲಿರಲಿ, ಮೊಣಕೈ ಕೆಳಗಿರಲಿ. ಹಿಂದೆ ಏನನ್ನೋ ತಲುಪಬೇಕಾದರೆ ಕೈ ಚಾಚಬೇಡಿ, ಮೈಯನ್ನೇ ತಿರುಗಿಸಿ. ಭುಜದ ಕೀಲು ತಪ್ಪುವುದು ಕೈಯನ್ನು ಎತ್ತರಕ್ಕೋ ಹಿಂದಕ್ಕೋ ಒಯ್ದಾಗಲೇ. ಇನ್ನು ಕಾಲು ಚಾಚಿ ಕೂರುವುದರಿಂದ ಸೊಂಟದ ಕೆಳಗೆ ಹಿಡಿದುಕೊಳ್ಳುವುದುಂಟು. ಮೊಣಕಾಲು ಸ್ವಲ್ಪ ಮಡಚಿಯೇ ಇರುವ ಹಾಗೆ ಪಾದದ ಜಾಗ ಹೊಂದಿಸಿಕೊಂಡರೆ ಅರ್ಧ ನೋವು ಕಡಿಮೆ. ಹೃದಯದ ತೊಂದರೆ, ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಹೋಗಬೇಕು.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ್ದು ಬೀಳುವುದು. ಈ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಬೀಳಿಸಿ, ಮತ್ತೆ ಹತ್ತಿಸಿ ತೋರಿಸದೆ ಯಾರಾದರೂ ನಿಮ್ಮನ್ನು ಹೊಳೆಯ ನಡುವಿಗೆ ಕರೆದುಕೊಂಡು ಹೋದರೆ, ಅವರ ಜೊತೆ ಹೋಗಬೇಡಿ. ಎದೆ ಮಟ್ಟದ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಬೇಕಂತಲೇ ಮಗುಚಬೇಕು. ಬಿದ್ದ ಮೇಲೆ ಒಂದು ಕೈ ದೋಣಿಯ ಮೇಲೆ, ಇನ್ನೊಂದರಲ್ಲಿ ಪ್ಯಾಡಲ್. ದೋಣಿ ಬಿಟ್ಟು ಈಜಿ ದಡ ಸೇರುತ್ತೇನೆ ಅನ್ನುವ ಯೋಚನೆ ಬೇಡ. ದೋಣಿ ಮುಳುಗುವುದಿಲ್ಲ, ದೂರದಿಂದಲೂ ಕಾಣುತ್ತದೆ. ಕೌಚಿ ಬಿದ್ದಿದ್ದರೆ ಮೊದಲು ನೆಟ್ಟಗೆ ತಿರುಗಿಸಿ. ಆಮೇಲೆ ನಡುಭಾಗದ ಪಕ್ಕಕ್ಕೆ ಬಂದು, ಎರಡೂ ಕೈ ಅಂಚಿನ ಮೇಲಿಟ್ಟು, ಕಾಲನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಜೋರಾಗಿ ಬಡಿಯಬೇಕು. ಮೈ ಜಾರಿ ದೋಣಿಯ ಮೇಲೆ ಅಡ್ಡ ಬೀಳುತ್ತದೆ. ಮೊದಲು ಹೊಟ್ಟೆ, ಆಮೇಲೆ ಮಗ್ಗುಲಾಗಿ ಕುಂಡೆ, ಕೊನೆಗೆ ಕಾಲು. ಈ ಕ್ರಮ ತಪ್ಪಿಸಿ ನೇರವಾಗಿ ಕಾಲು ಎತ್ತಿಡಲು ಹೋದವರು ಮತ್ತೆ ನೀರಿಗೇ ಬೀಳುತ್ತಾರೆ. ಒಂದು ಸಲ ಸ್ವಂತ ಬಲದಿಂದ ಹತ್ತಿ ಕೂತ ಮೇಲೆ ಮೈಯ ಬಿಗಿತ ಹೋಗಿಬಿಡುತ್ತದೆ. ಮೈ ಸಡಿಲಾದ ಕೂಡಲೇ ದೋಣಿಯ ಓಲಾಟವೂ ಕಡಿಮೆ ಆಗುತ್ತದೆ. ಹೆದರಿ ಸೊಂಟ ಬಿಗಿಹಿಡಿದು, ಕಣ್ಣನ್ನು ಪ್ಯಾಡಲ್ ಮೇಲೇ ಇಟ್ಟು ಕೂತವರ ಕಯಾಕ್ ಹೆಚ್ಚು ಅಲ್ಲಾಡುತ್ತದೆ. ದೂರದ ತೆಂಗಿನ ಸಾಲನ್ನು ನೋಡುತ್ತ ಹುಟ್ಟು ಹಾಕಿ, ಸರಿ ಹೋಗುತ್ತದೆ.

ಇನ್ನು ನನಗೆ ತುಂಬ ಇಷ್ಟವಾದ ವಿಷಯ, ನೀರಿನ ಲೆಕ್ಕ. ಕರಾವಳಿಯ ಹಿನ್ನೀರಿಗೆ ಯಜಮಾನರು ಇಬ್ಬರು. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ. ದಿನಕ್ಕೆ ಸುಮಾರಾಗಿ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಚಂದ್ರ ಅಷ್ಟು ಮುಂದೆ ಹೋಗಿರುತ್ತಾನೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ, ಸೆಳೆತವೂ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಎಲ್ಲ ಮೆತ್ತಗೆ. ಹೊಸಬರು ಹೋಗಬೇಕಾದ್ದು ಆ ದಿನಗಳಲ್ಲಿ. ಇದೆಲ್ಲ ಈಗ ಮೊಬೈಲಿನಲ್ಲಿ ಸಿಗುತ್ತದೆ. ಆದರೆ ನಮ್ಮ ಹೊಳೆಯಲ್ಲಿ ಬಲೆ ಬಿಡುವ ಅಜ್ಜ ಒಬ್ಬರಿದ್ದಾರೆ, ಅವರಿಗೆ ಮೊಬೈಲ್ ಬೇಕಾಗಿಲ್ಲ. "ಇವತ್ ದಶಮಿ ಅಲ್ದಾ ಟೀಚರೇ? ನೀರ್ ತಿರ್ಗೂಕೆ ಇನ್ನೂ ಹೊತ್ತಿತ್" ಅನ್ನುತ್ತಾರೆ. ಹೊತ್ತು ಇದ್ದೇ ಇರುತ್ತದೆ. ಅವರ ಲೆಕ್ಕ ತಿಥಿಯ ಮೇಲೆ. ಇಂಥವರು ಹೊಳೆಯಲ್ಲಿ ಸಿಕ್ಕಿದರೆ ದಯವಿಟ್ಟು ನಿಂತು ಮಾತಾಡಿಸಿ. ಯಾವ ತರಬೇತಿಯಲ್ಲೂ ಸಿಗದ ಪಾಠ ಅವರ ಹತ್ತಿರ ಇದೆ.

ಇಳಿತದ ನಟ್ಟನಡುವಿನ ಎರಡು ಗಂಟೆ ನೀರು ಅತಿ ವೇಗ. ಆಗ ಹೊಳೆಯ ನೀರು, ಉಬ್ಬರಕ್ಕೆ ಒಳಗೆ ಬಂದ ಸಮುದ್ರದ ನೀರು ಎರಡೂ ಒಟ್ಟಿಗೆ ಅಳಿವೆಯ ಕಡೆ ಓಡುತ್ತವೆ. ಹೊರಗಿನ ಅಲೆಗೂ ಈ ನೀರಿಗೂ ಅಳಿವೆ ಬಾಯಲ್ಲಿ ಡಿಕ್ಕಿ. ಅಲ್ಲಿ ಅಲೆ ಗೋಡೆ ಕಟ್ಟುತ್ತದೆ. ಹೊಸಬರು ಆ ಕಡೆ ತಲೆ ಹಾಕಬಾರದು, ಅಷ್ಟೇ. ಹೋಗುವಾಗ ನೀರಿಗೆ ಎದುರಾಗಿ, ಬರುವಾಗ ನೀರಿನ ಜೊತೆ, ಇದನ್ನು ನಿಯಮ ಮಾಡಿಕೊಳ್ಳಿ. ಸುಸ್ತಾದ ಮೇಲೆ ಹೊಳೆಯೇ ಮನೆಗೆ ತಂದುಬಿಡುತ್ತದೆ. ಗಾಳಿಗೂ ಲೆಕ್ಕ ಇದೆ. ಬೆಳಗ್ಗೆ ನೀರು ಸಮತಟ್ಟು ಇರುತ್ತದೆ. ಮಧ್ಯಾಹ್ನ ಭೂಮಿ ಕಾದ ಮೇಲೆ ಕಡಲ ಗಾಳಿ ಬೀಸತೊಡಗುತ್ತದೆ, ಅದಕ್ಕೆ ಎದುರಾಗಿ ಹುಟ್ಟು ಹಾಕುವುದು ಭಾರಿ ಕಷ್ಟ. ಆರೂವರೆಗೆ ಇಳಿದು ಒಂಬತ್ತರೊಳಗೆ ದಡ ಹತ್ತಿಬಿಡಿ.

ಉಬ್ಬರ ತುಂಬಿದ ಹೊತ್ತಿನಲ್ಲಿ ಕಾಂಡ್ಲಾ ಗಿಡಗಳ (ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್) ನಡುವಿನ ಸಣ್ಣ ಕವಲುಗಳಿಗೆ ಹೋಗಬಹುದು. ಮೋಟಾರ್ ದೋಣಿ ಅಲ್ಲಿಗೆ ಬರಲಾರದು, ದಡದಿಂದ ನಡೆದು ಹೋಗಲೂ ಆಗದು. ಬೇರುಗಳು ಕಮಾನು ಕಮಾನಾಗಿ ನೀರಿಗೆ ಇಳಿದಿರುತ್ತವೆ. ಅವುಗಳ ಮೇಲೆ ಏಡಿ ಹತ್ತುತ್ತಿರುತ್ತದೆ. ಕೆಲವು ಕಾಂಡ್ಲಾ ಜಾತಿಗಳಲ್ಲಿ ಬೀಜ ಮರದಲ್ಲಿರುವಾಗಲೇ ಮೊಳಕೆ ಒಡೆದು, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಹಸಿರಾಗಿ ತೂಗುತ್ತದೆ. ಹಣ್ಣಾದಾಗ ಕಳಚಿ ಬಿದ್ದು ಕೆಸರಿನಲ್ಲಿ ನಾಟಿಕೊಳ್ಳುತ್ತದೆ, ಇಲ್ಲವೇ ತೇಲಿ ಹೋಗಿ ಬೇರೆ ಕಡೆ ಬೇರು ಬಿಡುತ್ತದೆ. ಒಂದು ಸಲ ತೇಲುತ್ತಿದ್ದ ಮೊಳಕೆಯನ್ನು ಕೈಗೆತ್ತಿಕೊಂಡು ನೋಡಿದೆ. ತುದಿ ಕಂದು, ಅಲ್ಲಲ್ಲಿ ಸಣ್ಣ ಗುಳ್ಳೆ, ಹಿಡಿದರೆ ಗಟ್ಟಿ. ಪಾಠದಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದೇ, ಆದರೂ ಕೈಯಲ್ಲಿ ಹಿಡಿದದ್ದು ಅವತ್ತೇ. ನೀರು ಇಳಿದಾಗ ಅದೇ ಕೆಸರಿನ ಮೇಲೆ ಹೆಂಗಸರು ಮರುವಾಯಿ, ಅಂದರೆ ತಿನ್ನುವ ಚಿಪ್ಪು, ಹೆಕ್ಕುತ್ತಾರೆ. ಅದು ಅವರ ಅನ್ನ. ಅವರ ಜಾಗಕ್ಕೆ ಕಯಾಕ್ ನುಗ್ಗಿಸುವುದು, ಕಟ್ಟಿದ ಬಲೆಯ ಮೇಲೆ ಹಾಯುವುದು, ಕೇಳದೆ ಫೋಟೊ ತೆಗೆಯುವುದು, ಇವು ಮೂರೂ ಕೂಡದು.

ವಯಸ್ಸಿನ ಮಾತು ಬಂದಾಗ ನಾನು ಪೋಲೆಂಡಿನ ಅಲೆಕ್ಸಾಂಡರ್ ದೋಬಾ ಅವರ ಹೆಸರು ಹೇಳುತ್ತೇನೆ. ರಾಸಾಯನಿಕ ಕಾರ್ಖಾನೆಯಲ್ಲಿ ಎಂಜಿನಿಯರ್. ಕಯಾಕ್ ಹಿಡಿದದ್ದು ಮೂವತ್ತು ದಾಟಿದ ಮೇಲೆ, 1980ರಲ್ಲಿ. 2010ರಲ್ಲಿ, 64ನೇ ವಯಸ್ಸಿನಲ್ಲಿ, ಆಫ್ರಿಕಾದ ಸೆನೆಗಲ್‌ನಿಂದ ಒಬ್ಬರೇ ಹೊರಟು 99 ದಿನ ಹುಟ್ಟು ಹಾಕಿ ಬ್ರೆಜಿಲ್ ತಲುಪಿದರು. ಆಮೇಲೆ ಇನ್ನೂ ಎರಡು ಸಲ ಅಟ್ಲಾಂಟಿಕ್ ದಾಟಿದರು. ಮೂರನೆಯ ಸಲ, 2017ರಲ್ಲಿ, ಅಮೆರಿಕದಿಂದ ಫ್ರಾನ್ಸಿನ ದಡ ಮುಟ್ಟಿದಾಗ 71 ತುಂಬಲು ಕೆಲವೇ ದಿನ ಬಾಕಿ. ಸ್ಪರ್ಧೆಯ ಲೋಕದಲ್ಲಿ ಇಟಲಿಯ ಜೋಸೆಫಾ ಇದೆಮ್ ಇದ್ದಾರೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, 47ನೇ ವಯಸ್ಸಿನಲ್ಲಿ, ಫೈನಲ್ ತಲುಪಿ ಐದನೆಯವರಾದರು. ಅದು ಅವರ ಎಂಟನೇ ಒಲಿಂಪಿಕ್ಸ್. ನಮಗೆ ಅಟ್ಲಾಂಟಿಕ್ ಬೇಡ, ಒಲಿಂಪಿಕ್ಸೂ ಬೇಡ. ಆದರೆ ಐವತ್ತಕ್ಕೇ ಮೈ ಮುಗಿಯಿತು ಅಂತ ಹೇಳುವವರಿಗೆ ಈ ಇಬ್ಬರ ಹೆಸರು ಹೇಳಿ.

ಹೆಂಗಸರು ನನ್ನನ್ನು ಮೊದಲು ಕೇಳುವುದು ಬಟ್ಟೆಯ ವಿಷಯ. ಸೀರೆ, ದುಪಟ್ಟಾ ಬೇಡವೇ ಬೇಡ, ಕಾಲಿಗೆ ಸುತ್ತಿಕೊಂಡರೆ ಅಪಾಯ. ಬೇಗ ಒಣಗುವ ಬಟ್ಟೆಯ ತುಂಬುತೋಳಿನ ಟೀ ಶರ್ಟ್, ಲೆಗಿಂಗ್ಸ್ ಸಾಕು. ಬಿಸಿಲಿಗೆ ಟೊಪ್ಪಿ, ಕನ್ನಡಕಕ್ಕೆ ದಾರ. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ, ಯಾಕಂದರೆ ಕೆಸರಿನಲ್ಲಿ ಚಿಪ್ಪು ಕೊಯ್ಯುತ್ತದೆ. ಎರಡನೆಯ ಪ್ರಶ್ನೆ ಈಜು. ಈಜು ಬಾರದವರೂ ಲೈಫ್ ಜಾಕೆಟ್ ಹಾಕಿಕೊಂಡು, ಕಲಿಸುವವರ ಜೊತೆ ಇಳಿಯಬಹುದು. ಆದರೆ ಬಾರದು ಅನ್ನುವುದನ್ನು ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ಜಾಕೆಟ್ ನಿಮ್ಮ ಅಳತೆಯದೇ ಆಗಿರಲಿ. ಹಾಕಿಕೊಂಡ ಮೇಲೆ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎತ್ತಲಿ. ಕಿವಿಯವರೆಗೆ ಬಂತು ಅಂದರೆ ಅದು ಸಡಿಲ, ಬೇರೆ ಕೇಳಿ. ದೋಣಿಯನ್ನು ಈಗಲೇ ಕೊಳ್ಳಬೇಡಿ, ಒಂದು ವರ್ಷ ಬಾಡಿಗೆಯದೇ ಸಾಕು. ಒಬ್ಬರೇ ಹೋಗಬೇಡಿ. ಎಷ್ಟು ಹೊತ್ತಿಗೆ ವಾಪಸ್ ಅಂತ ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ, ಮರದ ದಿಮ್ಮಿಗಳು ತೇಲಿ ಬರುತ್ತವೆ. ಆಗ ನೀರಿಗೆ ಇಳಿಯುವ ಮಾತೇ ಇಲ್ಲ. ಆ ನಾಲ್ಕು ತಿಂಗಳು ಈಜು ಕಲಿಯಿರಿ, ಸೊಂಟಕ್ಕೆ ಭುಜಕ್ಕೆ ಸ್ವಲ್ಪ ವ್ಯಾಯಾಮ ಮಾಡಿ. ದೀಪಾವಳಿ ಹೊತ್ತಿಗೆ ಮಳೆ ಹಿಂದೆ ಸರಿದು ನೀರು ತಿಳಿಯಾಗುತ್ತದೆ. ಆಗ ಒಂದು ಅಷ್ಟಮಿಯ ಬೆಳಗ್ಗೆ ನೋಡಿಕೊಂಡು ಬನ್ನಿ. ನಮಸ್ಕಾರ.